ಶ್ವಾಸಕೋಶದ ಸೋಂಕು ಮತ್ತು ಪ್ರಯೋಗಪ್ರಾಣಿ: ಸಿಕಂದರಾಬಾದ್ ಪರಿಸರದ ಒಂದು ಸಮೀಕ್ಷೆ

ವೈದ್ಯಕೀಯ ಚರಿತ್ರೆಯಲ್ಲಿ ಸಿಕಂದರಾಬಾದಿನ ಹೆಸರು 1897ರಲ್ಲಿ ರೊನಾಲ್ಡ್ ರಾಸ್ ನಡೆಸಿದ ಮಲೇರಿಯಾ ಶೋಧದೊಡನೆ ಸೇರಿಕೊಂಡಿದ್ದರೂ, ಹೈದರಾಬಾದ್-ಸಿಕಂದರಾಬಾದ್ ಅವಳಿ ನಗರದಲ್ಲಿ ಉಸಿರಾಟವನ್ನು ಕುರಿತ ಪ್ರಾಣಿಪ್ರಯೋಗಗಳು ಅದಕ್ಕೂ ಹಿಂದಿನವು. 1888 ಮತ್ತು 1889ರಲ್ಲಿ ನಿಜಾಮರ ಆಶ್ರಯದಲ್ಲಿ, ಬ್ರಿಟಿಷ್ ರೆಸಿಡೆನ್ಸಿಯ ವೈದ್ಯ ಎಡ್ವರ್ಡ್ ಲಾರಿಯ ಮುಂದಾಳುತನದಲ್ಲಿ ನಡೆದ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗಗಳು ನೂರಾರು ನಾಯಿ, ಕೋತಿ ಮೊದಲಾದವುಗಳಿಗೆ ಆ ಅರಿವಳಿಕೆಯನ್ನು ಕೊಟ್ಟು, ಅದರಿಂದ ಮೊದಲು ನಿಲ್ಲುವುದು ಉಸಿರಾಟವೇ ಹೊರತು ಹೃದಯವಲ್ಲವೆಂದು ತೀರ್ಮಾನಿಸಿದವು. ಲಘುವಾದ ಅಮಲಿನಲ್ಲಿಯೂ ಹೃದಯ ಹಠಾತ್ತನೆ ಲಯ ತಪ್ಪಿ ನಿಲ್ಲಬಹುದೆಂದು 1911ರಲ್ಲಿ ಎ. ಜಿ. ಲೆವಿ ಬೆಕ್ಕುಗಳಲ್ಲಿ ತೋರಿಸಿದ ಮೇಲೆ ಆ ತೀರ್ಮಾನ ಉಳಿಯಲಿಲ್ಲ. ಆಯ್ದ ಪ್ರಾಣಿ ಮತ್ತು ಪ್ರಯೋಗದ ಸ್ಥಿತಿ ಬದಲಾದರೆ ಉತ್ತರವೂ ಬದಲಾಗುವ ಈ ತೊಡಕು ಶ್ವಾಸಕೋಶದ ಸೋಂಕುಗಳ ಅಧ್ಯಯನದಲ್ಲಿ ಮತ್ತೆ ಮತ್ತೆ ಎದುರಾಗಿದೆ.

ಕ್ಷಯದ ಅಧ್ಯಯನ ಇದಕ್ಕೆ ಪ್ರಬಲ ನಿದರ್ಶನ. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿ, ಗಿನಿ ಹಂದಿಗಳಿಗೆ ಚುಚ್ಚಿ, ಅದೇ ರೋಗವನ್ನು ಉಂಟುಮಾಡಿ ಕಾರಣವನ್ನು ಸಾಬೀತುಪಡಿಸಿದನು. 1950ರ ದಶಕದ ಕೊನೆಯಲ್ಲಿ ಬಾಲ್ಟಿಮೋರಿನ ವಿಜ್ಞಾನಿಗಳು ಕ್ಷಯರೋಗಿಗಳ ವಾರ್ಡಿನಿಂದ ಹೊರಬರುವ ಗಾಳಿಯನ್ನು ಗಿನಿ ಹಂದಿಗಳ ಗೂಡಿಗೆ ಹಾಯಿಸಿ, ರೋಗ ಗಾಳಿಯಿಂದಲೇ ಹರಡುತ್ತದೆಂಬುದನ್ನು ನಿರ್ವಿವಾದಗೊಳಿಸಿದರು. ಆದರೆ ಅದೇ ಕಾಲದಲ್ಲಿ ದಕ್ಷಿಣ ಭಾರತದ ರೋಗಿಗಳಿಂದ ಪಡೆದ ರೋಗಾಣುಗಳಲ್ಲಿ ಅನೇಕವು ಗಿನಿ ಹಂದಿಗಳಲ್ಲಿ ಬ್ರಿಟನ್ನಿನ ರೋಗಾಣುಗಳಷ್ಟು ತೀವ್ರವಾದ ರೋಗವನ್ನು ತರಲಿಲ್ಲ. ಅವುಗಳನ್ನು ಹೊತ್ತ ಮನುಷ್ಯರ ಕಾಯಿಲೆಯಾದರೋ ಸೌಮ್ಯವೇನೂ ಆಗಿರಲಿಲ್ಲ. ಗಿನಿ ಹಂದಿಯನ್ನು ಕಾಪಾಡಿದ ಬಿಸಿಜಿ ಲಸಿಕೆಯೂ 1968ರಲ್ಲಿ ಚೆಂಗಲ್ಪಟ್ಟಿನಲ್ಲಿ ಆರಂಭವಾದ ಬೃಹತ್ ಪರೀಕ್ಷೆಯಲ್ಲಿ ವಯಸ್ಕರ ಶ್ವಾಸಕೋಶದ ಕ್ಷಯವನ್ನು ತಡೆಯಲಿಲ್ಲ. ದಕ್ಷಿಣ ಭಾರತದ ಈ ಎರಡು ಫಲಿತಾಂಶಗಳಿಗೆ ಪಠ್ಯಪುಸ್ತಕಗಳು ಇನ್ನೂ ಹೆಚ್ಚಿನ ಸ್ಥಾನ ಕೊಡಬೇಕಾಗಿದೆ.

ಶ್ವಾಸಕೋಶದ ಉರಿಯೂತದ ಅಧ್ಯಯನದಲ್ಲಿಯೂ ಇದೇ ತೊಡಕಿದೆ. ಉರಿಯೂತವೆಂದರೆ ಸೋಂಕಿಗೆ ಇದಿರಾಗಿ ರಕ್ತನಾಳಗಳು ಸಡಿಲಗೊಂಡು, ಬಿಳಿಯ ರಕ್ತಕಣಗಳೂ ದ್ರವವೂ ಅಂಗಾಂಶಕ್ಕೆ ನುಗ್ಗುವ ಕ್ರಿಯೆ. ಅದು ಮಿತಿಮೀರಿದಾಗ ಗಾಳಿಚೀಲಗಳು ತುಂಬಿ ಉಸಿರು ಕಟ್ಟುತ್ತದೆ. ಇದರ ಅಧ್ಯಯನಕ್ಕೆ ಹೆಚ್ಚು ಬಳಕೆಯಾಗುವ ಇಲಿ ಬ್ಯಾಕ್ಟೀರಿಯಾದ ವಿಷವನ್ನು ಮನುಷ್ಯನಿಗಿಂತ ಬಹುಪಟ್ಟು ಹೆಚ್ಚು ತಾಳಿಕೊಳ್ಳುತ್ತದೆ. ಕೋವಿಡ್‌ನ ಮೂಲ ವೈರಸ್ ಸಾಮಾನ್ಯ ಇಲಿಯ ಜೀವಕೋಶಗಳಿಗೆ ಅಂಟಿಕೊಳ್ಳಲಾರದ್ದರಿಂದ, ಹೈದರಾಬಾದಿನ ಭಾರತ್ ಬಯೋಟೆಕ್ ಮತ್ತು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗಳು ಕೊವ್ಯಾಕ್ಸಿನ್ ಲಸಿಕೆಯನ್ನು ಹ್ಯಾಮ್‌ಸ್ಟರ್‌ಗಳಲ್ಲಿಯೂ 20 ರೀಸಸ್ ಕೋತಿಗಳಲ್ಲಿಯೂ ಪರೀಕ್ಷಿಸಿದವು. ಲಸಿಕೆ ಪಡೆಯದ ಕೋತಿಗಳಲ್ಲಿ ನ್ಯುಮೋನಿಯಾ ಕಂಡಿತು, ಪಡೆದವುಗಳಲ್ಲಿ ಕಾಣಲಿಲ್ಲ.

ಸಿಕಂದರಾಬಾದಿಗೆ ಹೊಂದಿಕೊಂಡ ತಾರ್ನಾಕದ ರಾಷ್ಟ್ರೀಯ ಪೋಷಣ ಸಂಸ್ಥೆ ಬಹುಕಾಲದಿಂದ ದೇಶದ ಪ್ರಯೋಗಾಲಯಗಳಿಗೆ ಪ್ರಾಣಿಗಳನ್ನು ಒದಗಿಸುತ್ತಿದ್ದರೆ, ಸಮೀಪದ ಹಬ್ಸಿಗುಡದ ಜೀವಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರದ (ಸಿಸಿಎಂಬಿ) ಆವರಣದಲ್ಲಿ ಮಾನವ ಜೀವಕೋಶಗಳ ಮಾದರಿಗಳನ್ನು ಬೆಳೆಸುವ ಪ್ರಯತ್ನಕ್ಕೂ ನೆಲೆ ದೊರೆತಿದೆ. 2023ರಲ್ಲಿ ಭಾರತದ ಔಷಧ ನಿಯಮಗಳು ಇಂಥ ಪರ್ಯಾಯಗಳನ್ನು ಮಾನ್ಯ ಮಾಡಿವೆ. ಆದರೂ ಕೆಮ್ಮಿನಿಂದ ಹರಡುವ ಸೋಂಕನ್ನು ಜೀವಕೋಶದ ತಟ್ಟೆಯಲ್ಲಿ ಕಾಣಲಾಗದ್ದರಿಂದ, ಪ್ರಾಣಿಗಳ ಬಳಕೆ ಸದ್ಯಕ್ಕೆ ಪೂರ್ಣವಾಗಿ ತಪ್ಪದು; ಹಾಗಿರುವಾಗ ವಿಫಲವಾದ ಪ್ರಯೋಗಗಳ ವಿವರಗಳೂ ತಪ್ಪದೆ ಪ್ರಕಟವಾಗಬೇಕು, ಒಮ್ಮೆ ತಿಳಿದುದಕ್ಕಾಗಿ ಮತ್ತೊಂದು ಪ್ರಾಣಿ ಸಾಯಬಾರದು.