ಹಣ ಕೊಟ್ಟರೂ ಹರಿಯದ ಹಂಗು: ಖಾಸಗಿ ಜಮೀನಿನ ಸೈಕಲ್ ಹಾದಿಗಳಲ್ಲಿ ಶುಲ್ಕದ ಅರ್ಥ

1. ಪ್ರಶ್ನೆ

2019ರ ಡಿಸೆಂಬರ್‌ನಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಈಸ್ಟ್ ಬರ್ಕ್ ಎಂಬ ಹಳ್ಳಿಯ ಮೂವರು ಭೂಮಾಲೀಕರು ತಮ್ಮ ನೆಲದಲ್ಲಿ ಇನ್ನು ಮುಂದೆ ಮೌಂಟನ್ ಬೈಕ್ ಓಡಿಸಕೂಡದೆಂದು ತಿಳಿಸಿದರು. ಡಾರ್ಲಿಂಗ್ ಹಿಲ್ ಎಂಬ ದಿಬ್ಬದ ಮೇಲೆ ಒಂದಕ್ಕೊಂದು ತಾಗಿಕೊಂಡಿದ್ದ ಅವರ ಜಮೀನುಗಳಲ್ಲಿ ಕಿಂಗ್‌ಡಮ್ ಟ್ರೇಲ್ಸ್ ಎಂಬ ಹೆಸರಾಂತ ಹಾದಿಜಾಲದ ಕೆಲವು ಮೆಚ್ಚಿನ ಹಾದಿಗಳು ಸಾಗುತ್ತಿದ್ದವು. ನಡೆದು ಹೋಗುವವರಿಗೆ ಅಡ್ಡಿಯಿರಲಿಲ್ಲ. ಅಡ್ಡಿ ಸೈಕಲ್ಲಿಗೆ ಮಾತ್ರ.

ಈ ಜಾಲದಲ್ಲಿ ಸವಾರಿ ಮಾಡಲು ಪಾಸು ಬೇಕು, ಪಾಸಿಗೆ ಹಣ ಕೊಡಬೇಕು. ನಿಷೇಧ ಬಿದ್ದದ್ದು ಹಾಗೆ ಹಣ ತೆತ್ತವರ ಮೇಲೆ. ಹಣ ಕೊಟ್ಟವನಿಗೂ ರಾತ್ರಿ ಬೆಳಗಾಗುವುದರೊಳಗೆ ದಾರಿ ಮುಚ್ಚಬಹುದು ಎಂದಾದರೆ, ಅವನು ಕೊಟ್ಟ ಹಣ ಯಾವುದರ ಬೆಲೆ? ಈ ಲೇಖನದ ಪ್ರಶ್ನೆ ಇಷ್ಟೇ. ವರ್ಮಾಂಟ್, ಸ್ಕಾಟ್ಲೆಂಡ್ ಮತ್ತು ಆಸ್ಟ್ರಿಯದ ಟಿರೋಲ್ ಪ್ರಾಂತ್ಯದ ವ್ಯವಸ್ಥೆಗಳನ್ನು ಹೋಲಿಸಿ ನೋಡಿ, ಕೊನೆಗೆ ಕೊಡಗಿಗೂ ಅನ್ವಯಿಸುವ ನಮ್ಮದೇ ಒಂದು ಹಳೆಯ ಕಾಯಿದೆಯ ಬೆಳಕಿನಲ್ಲಿ ಉತ್ತರವನ್ನು ಒರೆಗೆ ಹಚ್ಚುವುದು ಇಲ್ಲಿನ ಕ್ರಮ.

2. ಬೇಲಿ ಹಾಕದ ನೆಲ

ವರ್ಮಾಂಟ್‌ನ ಕಾಡಿನಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಖಾಸಗಿಯವರದು. ಆದರೂ ಅಲ್ಲಿ ಖಾಸಗಿ ಎಂದರೆ ಮುಚ್ಚಿದ್ದು ಎಂಬ ಭಾವನೆ ಬೇರೂರಲಿಲ್ಲ. 1777ರ ಸಂವಿಧಾನದಲ್ಲೇ, ಬೇಲಿ ಹಾಕದ ಪರರ ನೆಲದಲ್ಲೂ ಹಂಗಾಮಿಗೆ ತಕ್ಕಂತೆ ಬೇಟೆಯಾಡುವ ಸ್ವಾತಂತ್ರ್ಯವನ್ನು ನಿವಾಸಿಗಳಿಗೆ ಕೊಡಲಾಗಿದೆ. ಬೇಟೆ ಬೇಡವೆನ್ನುವ ಮಾಲೀಕ ಗಡಿಯುದ್ದಕ್ಕೂ ಫಲಕ ಹಾಕಬೇಕು, ಪ್ರತಿವರ್ಷ ಅದರ ಮೇಲೆ ಹೊಸ ತಾರೀಖು ಬರೆಯಬೇಕು, ಊರಿನ ಕಚೇರಿಯಲ್ಲಿ ನೋಂದಾಯಿಸಬೇಕು. ತೆರೆದಿಡಲು ಏನೂ ಮಾಡಬೇಕಿಲ್ಲ, ಮುಚ್ಚಬೇಕಾದರೆ ಮೈಬಗ್ಗಿಸಬೇಕು. ಬೇಟೆಗಾರನ ಈ ಸ್ವಾತಂತ್ರ್ಯ ಸೈಕಲ್ ಸವಾರನಿಗೆ ಹಕ್ಕಾಗಿ ಬರಲಿಲ್ಲ. ಅವನಿಗೆ ಸಿಕ್ಕಿದ್ದು ಆ ಸ್ವಾತಂತ್ರ್ಯದಿಂದ ಊರಲ್ಲಿ ಬೆಳೆದು ನಿಂತಿದ್ದ ಉದಾರ ರೂಢಿ.

ಈ ರೂಢಿಯ ಮೇಲೆಯೇ 1994ರಲ್ಲಿ ಲಾಭಾಪೇಕ್ಷೆಯಿಲ್ಲದ ಸಂಘವಾಗಿ ಕಿಂಗ್‌ಡಮ್ ಟ್ರೇಲ್ಸ್ ಹುಟ್ಟಿತು. ನೂರರ ಆಸುಪಾಸಿನ ಭೂಮಾಲೀಕರು ತಮ್ಮ ಹೊಲ, ಹುಲ್ಲುಗಾವಲು, ಮೇಪಲ್ ತೋಪುಗಳ ನಡುವೆ ಹಾದಿ ಬಿಟ್ಟುಕೊಟ್ಟರು. ಜಾಲ ನೂರು ಮೈಲಿಗೂ ಮೀರಿ ಬೆಳೆಯಿತು. ಸುಮಾರು 1,700 ಜನರಿರುವ ಬರ್ಕ್ ಪಟ್ಟಣ ವ್ಯಾಪ್ತಿಗೆ 2010ರ ದಶಕದ ಕೊನೆಯ ಹೊತ್ತಿಗೆ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸವಾರಿ-ಭೇಟಿಗಳು ಆಗತೊಡಗಿದವು. ಗಡಿಯಾಚೆಯ ಕ್ವಿಬೆಕ್‌ನಿಂದ ಬರುವವರೂ ಬಹಳ. ಆ ದಶಕದಲ್ಲಿ ದಿನದ ಪಾಸಿಗೆ 15 ಡಾಲರ್ ಇತ್ತು.

ಈ 15 ಡಾಲರ್ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕಾನೂನಿನ ಕಣ್ಣಿನಿಂದ ನೋಡಬೇಕು. ವರ್ಮಾಂಟ್‌ನ ಹೊಣೆಗಾರಿಕೆ ಕಾಯಿದೆಯ ಪ್ರಕಾರ, ಪ್ರತಿಫಲ ಕೊಡದೆ ವಿಹಾರಕ್ಕೆಂದು ಬಂದವನು ಬಿದ್ದು ಕೈಕಾಲು ಮುರಿದುಕೊಂಡರೆ ಮಾಲೀಕ ಹೊಣೆಯಲ್ಲ. ಅವನು ಬೇಕೆಂದೇ ಕೇಡು ಮಾಡಿರಬೇಕು ಅಥವಾ ಜೀವಕ್ಕೆ ಬೆಲೆಯೇ ಕೊಡದಂತೆ ನಡೆದಿರಬೇಕು, ಆಗ ಮಾತ್ರ ಹೊಣೆ. 1965ರಲ್ಲಿ ಸಿದ್ಧವಾದ ಮಾದರಿ ಮಸೂದೆಯ ಹಾದಿಯಲ್ಲಿ ಅಮೆರಿಕದ ಇತರ ರಾಜ್ಯಗಳೂ ಇಂಥ ರಕ್ಷಣೆಯನ್ನು ಕೊಟ್ಟಿವೆ. ‘ಪ್ರತಿಫಲವಿಲ್ಲದೆ’ ಎಂಬ ಒಂದು ಪದದ ಮೇಲೆ ಇಡೀ ಕಟ್ಟಡ ನಿಂತಿದೆ. ಪ್ರವೇಶಕ್ಕೆಂದು ಮಾಲೀಕ ಹಣ ಪಡೆದರೆ ಆ ರಕ್ಷಣೆ ಅವನ ಕೈತಪ್ಪುತ್ತದೆ.

ಆದ್ದರಿಂದ ಶುಲ್ಕ ಸಂಘಕ್ಕೆ ಸೇರುತ್ತದೆ. ಸೇತುವೆ ಕಟ್ಟುವವರ ಕೂಲಿ, ಮಳೆನೀರು ಹಾದಿಯನ್ನು ಕೊರೆಯದಂತೆ ತೋಡುವ ಚರಂಡಿ, ಫಲಕ, ನಕ್ಷೆ, ವಿಮೆ ಇವೆಲ್ಲ ಅದರಿಂದ ನಡೆಯುತ್ತವೆ. ಗೇಟು ತೆರೆದವನಿಗೆ ಪ್ರವೇಶದ ಹಣವಿಲ್ಲ. ಅವನು ದಾನಿಯಾಗಿ ಉಳಿದರೆ ಮಾತ್ರ ನಿಶ್ಚಿಂತ. ಸವಾರ ಹಣ ಕೊಡುವುದು ಒಬ್ಬರಿಗೆ, ಇರುವುದು ಇನ್ನೊಬ್ಬರ ಹಂಗಿನಲ್ಲಿ. ಈ ಬಿರುಕು ಕಾನೂನು ಬುದ್ಧಿಪೂರ್ವಕ ಇಟ್ಟದ್ದು.

3. ‘ದುಡ್ಡು ಕೊಟ್ಟಿದ್ದೇನೆ’

ಕಾನೂನಿಗೆ ಅನುಕೂಲವಾದ ಈ ಬಿರುಕೇ ನಡವಳಿಕೆಗೆ ಮುಳುವಾಗಬಹುದು. ಉರಿ ನೀಜಿ ಮತ್ತು ಆಲ್ಡೊ ರುಸ್ತಿಕಿನಿ 2000ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಇಸ್ರೇಲಿನ ಹೈಫಾ ನಗರದ 10 ಶಿಶುವಿಹಾರಗಳನ್ನು ಅವರು 20 ವಾರ ಗಮನಿಸಿದರು. ಮಗುವನ್ನು ಕರೆದೊಯ್ಯಲು 10 ನಿಮಿಷಕ್ಕಿಂತ ತಡವಾಗಿ ಬಂದ ಪೋಷಕರಿಗೆ ಆರು ವಿಹಾರಗಳಲ್ಲಿ 10 ಶೆಕೆಲ್ ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚುಕಡಿಮೆ ಎರಡರಷ್ಟಾದರು. ದಂಡ ತೆಗೆದ ಮೇಲೂ ಹಳೆಯ ಸಂಕೋಚ ಮರಳಲಿಲ್ಲ. ಟೀಚರಮ್ಮನನ್ನು ಕಾಯಿಸುತ್ತಿದ್ದೇನೆ ಎಂಬ ಅಳುಕು ಇದ್ದ ಕಡೆ ಒಂದು ದರ ಬಂದು ಕೂತಿತ್ತು.

ಕನ್ನಡದ ‘ಹಂಗು’ ಎಂಬ ಪದ ಈ ಅಳುಕಿಗೆ ಸರಿಯಾದ ಹೆಸರು. ಹಂಗಿನಲ್ಲಿರುವವನು ಮೆಲ್ಲಗೆ ಹೆಜ್ಜೆ ಇಡುತ್ತಾನೆ. ದುಡ್ಡು ಎಣಿಸಿದವನು ‘ನನಗೆ ಯಾರ ಹಂಗೇನು’ ಎನ್ನುತ್ತಾನೆ. ಈಸ್ಟ್ ಬರ್ಕ್‌ನ ದೂರುಗಳು ಬಹುಪಾಲು ಇದೇ ಜಾತಿಯವು: ದಟ್ಟಣೆ, ಕುದುರೆ ಸವಾರರೊಡನೆ ಒರಟುತನ, ಹಳ್ಳಿಯ ರಸ್ತೆಯನ್ನು ತುಂಬಿಕೊಂಡು ಸಾಗುವ ಗುಂಪುಗಳು. ನೆಲ ಸವೆದದ್ದಕ್ಕಿಂತ ನೆಂಟಸ್ತನ ಸವೆದದ್ದು ಹೆಚ್ಚು. ಮೊಂಟಾನದ ಹಾದಿಗಳಲ್ಲಿ ಜಾನ್ ವಿಲ್ಸನ್ ಮತ್ತು ಜೋಸೆಫ್ ಸೆನಿ ನಡೆಸಿ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಮಣ್ಣನ್ನು ಸಡಿಲಿಸುವುದರಲ್ಲಿ ಕುದುರೆಯ ಗೊರಸು ಮತ್ತು ನಡೆಯುವವರ ಕಾಲು ಚಕ್ರಗಳಿಗಿಂತ ಮುಂದಿದ್ದವು. ನಡೆಯುವವರನ್ನು ಬಿಟ್ಟು ಸೈಕಲ್ಲನ್ನು ತಡೆದ ಮಾಲೀಕರ ನಿರ್ಧಾರವನ್ನು ಬರೀ ಮಣ್ಣಿನ ಸವೆತದಿಂದ ವಿವರಿಸಲಾಗದು.

ಆದರೆ ಶುಲ್ಕವೊಂದನ್ನೇ ಅಪರಾಧಿ ಮಾಡುವುದೂ ಸರಿಯಲ್ಲ. ಪಾಸಿನ ಪದ್ಧತಿ 2019ಕ್ಕಿಂತ ಬಹಳ ಹಿಂದಿನಿಂದ ಇತ್ತು. ಆಗೆಲ್ಲ ಗೇಟು ಮುಚ್ಚಿರಲಿಲ್ಲ. ಬಂದವರು ಕಡಿಮೆ ಇದ್ದಾಗ ಸವಾರನೂ ರೈತನೂ ಎದುರು ಸಿಗುತ್ತಿದ್ದರು, ಒಂದು ಕೈಬೀಸು, ಎರಡು ಮಾತು ನಡೆಯುತ್ತಿತ್ತು. ಸಂಖ್ಯೆ ಏರಿದ ಮೇಲೆ ಪಾಸಿನ ಕೌಂಟರೇ ಊರಿನ ಮುಖವಾಯಿತು. ಪಾಸು ಮಾತ್ರವೇ ಪರಿಚಯವಾದ ಕಡೆ ಶುಲ್ಕ ಹಂಗನ್ನು ಅಳಿಸುತ್ತದೆ ಎಂಬುದು ನನ್ನ ವಾದ. ಸಂಘಕ್ಕೂ ಇದು ತಿಳಿಯದ್ದೇನಲ್ಲ: ಹಾದಿಗಳಲ್ಲಿ ಸ್ವಯಂಸೇವಕ ರಾಯಭಾರಿಗಳನ್ನು ನಿಲ್ಲಿಸಿತು, ಕೃತಜ್ಞತೆಯಿಂದ ಸವಾರಿ ಮಾಡಿ ಎಂಬುದನ್ನೇ ಘೋಷವಾಕ್ಯ ಮಾಡಿಕೊಂಡಿತು. ಹಣ ಪಡೆಯುವ ಸಂಸ್ಥೆಯೇ ‘ನಿಮ್ಮ ಹಣದಿಂದ ಲೆಕ್ಕ ಚುಕ್ತಾ ಆಗಲಿಲ್ಲ’ ಎಂದು ಹೇಳಬೇಕಾಗಿ ಬಂದದ್ದು ಗಮನಾರ್ಹ.

4. ಹಕ್ಕು ಮತ್ತು ಕರಾರು

ದಾನದ ದಾರಿ ಬೇಡವೆಂದರೆ ಎರಡು ಬೇರೆ ದಾರಿಗಳಿವೆ. ಮೊದಲನೆಯದು ಸ್ಕಾಟ್ಲೆಂಡಿನದು. 2003ರ ಭೂಸುಧಾರಣಾ ಕಾಯಿದೆ, ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರಿಗೇ ಆದರೂ ಬಹುಪಾಲು ನೆಲದ ಮೇಲೆ ಪ್ರವೇಶದ ಹಕ್ಕು ಕೊಟ್ಟಿತು. ಮೋಟಾರಿಲ್ಲದ ಸೈಕಲ್ಲೂ ಅದರಲ್ಲಿ ಸೇರಿದೆ. 2005ರ ಫೆಬ್ರವರಿಯಿಂದ ಅದು ಜಾರಿಯಲ್ಲಿದೆ. ಮಾಲೀಕನ ಒಪ್ಪಿಗೆ ಬೇಕಿಲ್ಲ, ಶುಲ್ಕದ ಮಾತಿಲ್ಲ. 2001ರ ಜನವರಿಗೆ ಕೊನೆಗೊಂಡ ವರ್ಷದಲ್ಲಿ ಕನಿಷ್ಠ 90 ದಿನ ಹಣ ಕೊಟ್ಟವರಿಗಷ್ಟೇ ಪ್ರವೇಶವಿದ್ದು, ಆಮೇಲೂ ಹಾಗೆಯೇ ಮುಂದುವರಿದ ನೆಲಕ್ಕೆ ಮಾತ್ರ ವಿನಾಯಿತಿ. ಹಳೆಯ ಟಿಕೆಟ್ಟು ಉಳಿಯಿತು, ಹೊಸದಕ್ಕೆ ಬಾಗಿಲು ಮುಚ್ಚಿತು. ಪೀಬಲ್ಸ್ ಬಳಿಯ ಗ್ಲೆಂಟ್ರೆಸ್‌ನಂಥ ಸರ್ಕಾರಿ ಕಾಡಿನಲ್ಲೂ ಹಣ ಕೇಳುವುದು ಕಾರು ನಿಲ್ಲಿಸಿದ್ದಕ್ಕೆ.

ಎರಡನೆಯದು ಟಿರೋಲಿನದು. ಆಸ್ಟ್ರಿಯದ 1975ರ ಅರಣ್ಯ ಕಾಯಿದೆ ಕಾಡಿನಲ್ಲಿ ಅಡ್ಡಾಡಲು ಎಲ್ಲರಿಗೂ ಅವಕಾಶ ಕೊಟ್ಟರೂ ಸೈಕಲ್ಲಿಗೆ ಮಾಲೀಕನ ಒಪ್ಪಿಗೆ ಬೇಕೆನ್ನುತ್ತದೆ. 1990ರ ದಶಕದಿಂದ ಅಲ್ಲಿ ಪಂಚಾಯಿತಿಗಳೂ ಪ್ರವಾಸೋದ್ಯಮ ಸಂಘಗಳೂ ಮಾಲೀಕರೊಡನೆ ಲಿಖಿತ ಕರಾರು ಮಾಡಿಕೊಳ್ಳುತ್ತಿವೆ. ಹಾದಿಯ ಉದ್ದಕ್ಕೆ ತಕ್ಕ ಪರಿಹಾರ ಮಾಲೀಕನಿಗೆ ಸಿಗುತ್ತದೆ, ಹೊಣೆಗಾರಿಕೆಯ ವಿಮೆಯೂ ಅವನ ಪರವಾಗಿ ಇರುತ್ತದೆ. ಸವಾರ ಹಾದಿಯಲ್ಲಿ ಕಾಸು ಬಿಚ್ಚುವುದಿಲ್ಲ. ತಂಗಿದ ರಾತ್ರಿಗಳ ಮೇಲಿನ ತೆರಿಗೆಯ ಮೂಲಕ ಪ್ರವಾಸಿಗರೆಲ್ಲ ಸೇರಿ ಹೊರೆ ಹೊರುತ್ತಾರೆ.

ಸ್ಕಾಟ್ಲೆಂಡಿನಲ್ಲಿ ಹಂಗಿನ ಜಾಗಕ್ಕೆ ಕರ್ತವ್ಯ ಬಂದಿದೆ, ಟಿರೋಲಿನಲ್ಲಿ ಕರಾರು ಬಂದಿದೆ. ವರ್ಮಾಂಟ್‌ನಲ್ಲಿ ಹಂಗು ಹಂಗಾಗಿಯೇ ಉಳಿದು, ಅದರ ಪಕ್ಕದಲ್ಲಿ ಒಂದು ಬೆಲೆಚೀಟಿ ನೇತಾಡುತ್ತಿದೆ. ಮೂರರಲ್ಲಿ ಅರ್ಥಗೊಂದಲಕ್ಕೆ ಆಸ್ಪದ ಹೆಚ್ಚಿರುವುದು ಈ ಕೊನೆಯದರಲ್ಲಿ.

5. ಕೊಡಗಿನವರೆಗೆ ಬಂದ ಕಾಯಿದೆ

ಕಾಫಿ ತೋಟಗಳ ನಡುವೆ ಸೈಕಲ್ ಹಾದಿ ಮಾಡಬೇಕೆನ್ನುವವರಿಗೆ ಈ ಚರ್ಚೆ ದೂರದ್ದಲ್ಲ. 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯಿದೆ ಮೊದಲು ಜಾರಿಯಾದ ಪ್ರದೇಶಗಳಲ್ಲಿ ಮದರಾಸು, ಮಧ್ಯಪ್ರಾಂತ್ಯಗಳ ಜೊತೆ ಕೊಡಗೂ ಒಂದು. ಅದರ 15ನೇ ಕಲಮಿನ ಪ್ರಕಾರ, ಹಕ್ಕೆಂದು ಭಾವಿಸಿ, ಬಹಿರಂಗವಾಗಿ, ತಡೆಯಿಲ್ಲದೆ 20 ವರ್ಷ ನಡೆದ ದಾರಿ ಹಕ್ಕಿನ ದಾರಿಯಾಗಬಲ್ಲದು. ಅಪ್ಪಣೆ ಪಡೆದು ನಡೆದದ್ದು ಹಾಗಾಗದು. ಇಲ್ಲಿ ಪಾಸಿಗೆ ಇನ್ನೊಂದು ಉಪಯೋಗ ಕಾಣುತ್ತದೆ: ಪಾಸು ಪಡೆದವನು ಅಪ್ಪಣೆ ಕೇಳಿದ್ದಕ್ಕೆ ಅದೇ ಸಾಕ್ಷಿ, ತೋಟದ ಮಾಲೀಕನಿಗೆ ಅದು ರಕ್ಷೆ.

ತೊಡಕಿರುವುದು 60ನೇ ಕಲಮಿನಲ್ಲಿ. ಅಪ್ಪಣೆಯನ್ನು ಮಾಲೀಕ ಹಿಂತೆಗೆದುಕೊಳ್ಳಬಹುದು. ಆದರೆ ಅಪ್ಪಣೆಯನ್ನು ನಂಬಿ ಬಂದವನು ಖರ್ಚುಮಾಡಿ ಶಾಶ್ವತ ಸ್ವರೂಪದ ಕಾಮಗಾರಿ ನಡೆಸಿದ್ದರೆ ಹಿಂತೆಗೆಯಲಾಗದು. ಮಣ್ಣಿನ ಹಾದಿ ಶಾಶ್ವತವೋ ಅಲ್ಲವೋ ಎಂದು ವಾದಿಸಬಹುದು, ಹಳ್ಳದ ಮೇಲೆ ಕಟ್ಟಿದ ಕಲ್ಲಿನ ಸೇತುವೆಯ ಬಗ್ಗೆ ಆ ವಾದ ಅಷ್ಟು ಸುಲಭವಲ್ಲ. ಸವಾರರ ಶುಲ್ಕದಿಂದ ಹಾದಿ ಎಷ್ಟು ಚೆನ್ನಾಗಿ ಕಟ್ಟಲ್ಪಡುತ್ತದೆಯೋ ಮಾಲೀಕನ ಗೇಟು ಅಷ್ಟು ಬಿಗಿಯಾಗಿ ತೆರೆದೇ ಸಿಕ್ಕಿಕೊಳ್ಳುವ ಅಪಾಯ ಇಲ್ಲಿದೆ. ರಾಮ್ ಸರೂಪ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1987ರಲ್ಲಿ ಹೇಳಿದಂತೆ ಈ ಕಲಮು ಸರ್ವಸಮಗ್ರವಲ್ಲ, ಪಕ್ಷಗಳು ಬೇರೆ ರೀತಿ ಒಪ್ಪಂದ ಮಾಡಿಕೊಳ್ಳಬಹುದು. ಹಾಗಾಗಿ ಬರಹದಲ್ಲಿ ಒಪ್ಪಂದ ಅನಿವಾರ್ಯ. ವಿಹಾರಕ್ಕೆ ನೆಲ ಬಿಟ್ಟುಕೊಟ್ಟವನನ್ನು ಕಾಯುವ ಅಮೆರಿಕದ ಮಾದರಿಯ ಪ್ರತ್ಯೇಕ ಕಾಯಿದೆ ನಮ್ಮಲ್ಲಿಲ್ಲದ ಕಾರಣ ಹೊಣೆ, ವಿಮೆಗಳ ಮಾತೂ ಅದೇ ಕಾಗದದಲ್ಲಿ ಸೇರಬೇಕು.

6. ಉಪಸಂಹಾರ

ಮೊದಲ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಈಸ್ಟ್ ಬರ್ಕ್‌ನ 15 ಡಾಲರ್ ಹಾದಿಯ ಆರೈಕೆಯ ಬೆಲೆ. ಪ್ರವೇಶಕ್ಕೆ ಅಲ್ಲಿ ಬೆಲೆಯೇ ಇಲ್ಲ, ಇರಲೂ ಕೂಡದು. ಆದ್ದರಿಂದ ಪಾಸಿನ ಮೇಲೆ ಎರಡು ಸಾಲು ಬೇಕು: ಹಣ ಯಾವ ಕೆಲಸಕ್ಕೆ, ನೆಲ ಯಾರ ಔದಾರ್ಯದಿಂದ. ಶುಲ್ಕ ಏರಿಸಿದರೆ ಸಂಬಂಧ ಸರಿಹೋಗುತ್ತದೆ ಎಂಬ ಸಲಹೆ ಮೊದಲ ಸಾಲನ್ನಷ್ಟೇ ಓದಿದವರದು.

ಮೂವರು ಮಾಲೀಕರ ನಿರ್ಧಾರವನ್ನು ವ್ಯವಸ್ಥೆಯ ಸೋಲೆಂದು ಓದುವ ರೂಢಿಯಿದೆ. ಅದೇ ಗಳಿಗೆಯಲ್ಲಿ ಉಳಿದ ತೊಂಬತ್ತಕ್ಕೂ ಮಿಕ್ಕ ಮಾಲೀಕರು ಗೇಟು ತೆರೆದೇ ಇಟ್ಟಿದ್ದರು. ಬೇಡವಾದ ದಿನ ಮುಚ್ಚಬಲ್ಲೆ ಎಂಬ ಧೈರ್ಯವಿದ್ದುದರಿಂದಲೇ ಅವರು ಮೊದಲಿಗೆ ತೆರೆದದ್ದು. ಆ ಧೈರ್ಯವನ್ನು ಉಳಿಸಿಕೊಡುವ ಕಾಗದವನ್ನು ಬರೆಯದ ಹೊರತು, ಕೊಡಗಿನ ತೋಟದ ಮಾಲೀಕ ತನ್ನ ಗೇಟಿನ ಚಿಲಕಕ್ಕೆ ಕೈ ಹಾಕಲಾರ.