ಮುಖವಿಲ್ಲದ ಮನೆಗೆಲಸದಾಕೆ

ಬೆಕ್ಕು ಅಟ್ಟಿಸಿಕೊಂಡು ಬರುತ್ತದೆ, ಇಲಿ ನುಣುಚಿಕೊಳ್ಳುತ್ತದೆ, ಪಿಂಗಾಣಿ ತಟ್ಟೆಗಳೆಲ್ಲ ಪುಡಿಪುಡಿ! ಟಾಮ್ ಮತ್ತು ಜೆರ್ರಿಯರ ಈ ಆಟಕ್ಕೆ ಭಾಷೆಯ ಹಂಗಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿಯನ್ನೋ ತಮಿಳನ್ನೋ ಆಡುವ ನಮ್ಮ ಮಕ್ಕಳು ಅಜ್ಜಿಯ ಪಕ್ಕ ಕುಳಿತು ನಕ್ಕ ಚಿತ್ರಗಳಿವು. ಆದರೆ ಅವುಗಳಲ್ಲಿ ಮೂರನೆಯ ಪಾತ್ರವೊಂದಿತ್ತೆಂಬುದು ಎಷ್ಟು ಮಂದಿಗೆ ನೆನಪಿದೆ?

ಪೊರಕೆ ಹಿಡಿದ ಕೈ, ದಪ್ಪನೆಯ ಕಾಲು, ಗದರುವ ದನಿ. ಆಕೆ ಕಪ್ಪು ಜನಾಂಗದ ಮನೆಗೆಲಸದ ಹೆಂಗಸು. 'ಮ್ಯಾಮಿ ಟೂ ಶೂಸ್' ಎಂದು ಕರೆಯುವುದು ರೂಢಿ. ಮುಖ ಮಾತ್ರ ಕಾಣುವುದೇ ಇಲ್ಲವೆನ್ನಬೇಕು. ಇಲಿಯ ಎತ್ತರದಿಂದ ನೋಡಿದರೆ ಕಾಲಷ್ಟೇ ಕಾಣುವುದು ಸಹಜವೆಂದು ಸಮಾಧಾನ ಹೇಳಬಹುದು. ಆದರೆ 1956ರ 'ಬಿಜಿ ಬಡ್ಡೀಸ್' ಚಿತ್ರದಲ್ಲಿ ಮಗು ನೋಡಿಕೊಳ್ಳಲು ಬರುವ ಬಿಳಿಯ ಹುಡುಗಿಯ ಮುಖ ಚೆನ್ನಾಗಿಯೇ ಕಾಣುತ್ತದೆ!

ಹ್ಯಾನಾ ಮತ್ತು ಬಾರ್ಬೆರಾ ಅವರು ಎಂಜಿಎಂ ಸಂಸ್ಥೆಗಾಗಿ ತಯಾರಿಸಿದ ಮೊದಲ ಚಿತ್ರ 'ಪುಸ್ ಗೆಟ್ಸ್ ದ ಬೂಟ್' ತೆರೆಕಂಡದ್ದು 1940ರ ಫೆಬ್ರವರಿಯಲ್ಲಿ. ಇನ್ನೊಂದು ವಸ್ತು ಒಡೆದರೆ ಮನೆಯಿಂದಾಚೆ ಎಂದು ಬೆಕ್ಕಿಗೆ ಆಕೆ ಹಾಕುವ ಬೆದರಿಕೆಯೇ ಅದರ ಕಥೆ. ಅದೇ ತಿಂಗಳ ಕೊನೆಯಲ್ಲಿ ಹ್ಯಾಟಿ ಮೆಕ್‌ಡೇನಿಯಲ್ ಎಂಬ ನಟಿ 'ಗಾನ್ ವಿತ್ ದ ವಿಂಡ್' ಚಿತ್ರದ ಮ್ಯಾಮಿ ಪಾತ್ರಕ್ಕಾಗಿ ಆಸ್ಕರ್ ಪಡೆದರು. ಆ ಗೌರವ ಪಡೆದ ಮೊದಲ ಕಪ್ಪು ಕಲಾವಿದೆ ಅವರು. ಆದರೂ ಸಮಾರಂಭದಲ್ಲಿ ಅವರಿಗೆ ಬೇರೆ ಮೇಜು! ಕಪ್ಪು ನಟಿಯರಿಗೆ ಸೇವಕಿಯ ವೇಷ ಬಿಟ್ಟರೆ ಹಾಲಿವುಡ್ಡಿನ ಬಾಗಿಲು ತೆರೆಯುತ್ತಿದ್ದುದೇ ಅಪರೂಪ.

ವ್ಯಂಗ್ಯಚಿತ್ರದ ಮ್ಯಾಮಿಗೆ ಕಂಠ ಕೊಟ್ಟವರು ಲಿಲಿಯನ್ ರ‍್ಯಾಂಡಾಲ್ಫ್. ಆಕೆಯ ಹೆಸರು ತೆರೆಯ ಮೇಲೆ ಬರಲಿಲ್ಲ. ಗುಲಾಮಗಿರಿಯ ಕಾಲದ ಅಚ್ಚಿನಲ್ಲೇ ತಮ್ಮವರನ್ನು ಎರಕ ಹೊಯ್ಯುವುದನ್ನು ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಸ್ಥೆ ಪ್ರತಿಭಟಿಸಿತು. 1952ರ ನಂತರ ಆ ಸರಣಿಯಲ್ಲಿ ಈ ಪಾತ್ರ ಕಾಣಲಿಲ್ಲ.

ಮುಂದಿನದು ಇನ್ನೂ ವಿಚಿತ್ರ. 1960ರ ದಶಕದಲ್ಲಿ ಟೆಲಿವಿಷನ್ನಿಗಾಗಿ ಕೆಲವು ಚಿತ್ರಗಳನ್ನು ತಿದ್ದಿ, ಆಕೆಯ ಜಾಗದಲ್ಲಿ ಸಪೂರ ಬಿಳಿಯ ಹೆಂಗಸನ್ನು ಬರೆದರು. ಲಿಲಿಯನ್ನರ ದನಿಯನ್ನೂ ಅಳಿಸಿ, ಜೂನ್ ಫೋರೆ ಎಂಬ ಕಲಾವಿದೆಯಿಂದ ಐರಿಷ್ ಧಾಟಿಯಲ್ಲಿ ಮಾತಾಡಿಸಿದರು. ಅವಮಾನವನ್ನು ಒರೆಸಹೋಗಿ ದುಡಿದವಳನ್ನೇ ಒರೆಸಿದಂತಾಯಿತು. 2005ರಲ್ಲಿ ಹಳೆಯ ಚಿತ್ರಗಳು ಡಿವಿಡಿಯಾಗಿ ಬಂದಾಗ ನಟಿ ವೂಪಿ ಗೋಲ್ಡ್‌ಬರ್ಗ್ ಮುನ್ನುಡಿಯಲ್ಲಿ ಇದನ್ನು ನೇರವಾಗಿ ಪ್ರಸ್ತಾಪಿಸಿದರು. ಮುಚ್ಚಿಡುವುದಕ್ಕಿಂತ ತಿಳಿಹೇಳುವುದೇ ಲೇಸೆಂಬ ಈ ದಾರಿ ನನಗೆ ಹೆಚ್ಚು ಸರಿಯೆನಿಸುತ್ತದೆ.

ಊರು ಬಿಟ್ಟು ಬಂದ ನಮಗೆ ಇದು ತೀರ ದೂರದ ಸಂಗತಿಯೂ ಅಲ್ಲ. 1968ರ ಹಿಂದಿ ಚಿತ್ರ 'ಪಡೋಸನ್'ನಲ್ಲಿ ಮೆಹಮೂದ್ ಅವರ ಸಂಗೀತದ ಮೇಷ್ಟರ ಜುಟ್ಟಿಗೂ ಉಚ್ಚಾರಣೆಗೂ ಉತ್ತರದವರು ಬಿದ್ದುಬಿದ್ದು ನಕ್ಕರು, ನಾವೂ ನಕ್ಕೆವು. ಹೊರಬಂದಾಗ ನಮ್ಮನ್ನೂ 'ಮದರಾಸಿ' ಎಂದೇ ಕರೆದರು. ಗುಲಾಮಗಿರಿಯ ನೋವಿಗೆ ಇದನ್ನು ಸರಿಗಟ್ಟಲಾಗದು, ನಿಜ. ಆದರೂ ಇನ್ನೊಬ್ಬರ ಕಣ್ಣಿನಲ್ಲಿ ಬರಿಯ ಒಂದು ಧಾಟಿಯಾಗಿ ಉಳಿಯುವುದೆಂದರೇನೆಂದು ನಾವು ಅಷ್ಟಿಷ್ಟು ಬಲ್ಲೆವು.

ಮಕ್ಕಳು ನಗಲಿ. ನಡುವೆ ಆ ಕಾಲುಗಳು ಕಂಡಾಗ, 'ಅವರ ಹೆಸರು ಲಿಲಿಯನ್, ಮರೀ' ಎಂದು ನಾವು ಹೇಳಿಕೊಟ್ಟರೆ ಸಾಕು.