ಬಳ್ಳಾರಿ ಪ್ರಾಂತದ ಕೂಲಿಮಠಗಳಲ್ಲಿ ಲೋಕವ್ಯವಹಾರ ಶಿಕ್ಷಣ

ಹುಟ್ಟಿದ ಊರು, ಅದರ ನೆರೆಹೊರೆ, ಅಲ್ಲಿ ವಾಸಿಸುವ ನಾನಾ ವೃತ್ತಿಯ ಜನ, ಅವರೊಳಗಣ ಕೊಳುಕೊಡೆ, ಊರಿಗೂ ರಾಜ್ಯಾಧಿಕಾರಕ್ಕೂ ಇರುವ ಸಂಬಂಧ, ಇವುಗಳ ಪರಿಚಯವನ್ನು ಬಾಲಕರಿಗೆ ಮಾಡಿಕೊಡುವ ಪಾಠಕ್ಕೆ ‘ಸಮಾಜವಿಷಯ’ವೆಂಬ ಹೆಸರು ಬಂದು ಬಹುಕಾಲವಾಗಿಲ್ಲ. 1937ರಲ್ಲಿ ಜಾಕಿರ್ ಹುಸೇನರ ಅಧ್ಯಕ್ಷತೆಯಲ್ಲಿ ಸೇರಿದ ವಾರ್ಧಾ ಶಿಕ್ಷಣ ಸಮಿತಿಯು ತಾನು ಸಿದ್ಧಪಡಿಸಿದ ಪಠ್ಯಕ್ರಮದಲ್ಲಿ ಇದಕ್ಕೆ ಪ್ರತ್ಯೇಕವಾದ ಸ್ಥಾನವನ್ನು ಕೊಟ್ಟಿತು. ಹೆಸರು ಹೊಸದಾದ ಮಾತ್ರಕ್ಕೆ ವಸ್ತುವೂ ಹೊಸದೆಂದು ತಿಳಿಯುವುದು ಸಾಧುವಲ್ಲ. ಅಚ್ಚಿನ ಪುಸ್ತಕಗಳು ಬರುವುದಕ್ಕೆ ಮುಂಚೆ ಕನ್ನಡ ನಾಡಿನಲ್ಲಿ ನಡೆಯುತ್ತಿದ್ದ ಕೂಲಿಮಠಗಳಲ್ಲಿ ಬಾಯಿಪಾಠವಲ್ಲದೆ ಬೇರೊಂದಿರಲಿಲ್ಲವೆಂಬ ಅಭಿಪ್ರಾಯವು ವಿದ್ಯಾವಂತರಲ್ಲಿಯೂ ರೂಢವಾಗಿದೆ. ಈ ಅಭಿಪ್ರಾಯಕ್ಕೆ ಆಧಾರವಾಗಿ ಎತ್ತಿ ತೋರಿಸಲ್ಪಡುವ ಒಂದು ಲೇಖ್ಯವನ್ನು ಆದ್ಯಂತವಾಗಿ ಓದಿದರೆ, ಅದನ್ನು ಖಂಡಿಸುವ ಸಾಕ್ಷ್ಯವೂ ಅಲ್ಲಿಯೇ ದೊರೆಯುತ್ತದೆ.

ಮದರಾಸಿನ ಗವರ್ನರಾಗಿದ್ದ ಸರ್ ತಾಮಸ್ ಮನ್ರೋ 1822ನೆಯ ಜೂನ್ 25ರಂದು ತನ್ನ ಆಡಳಿತಕ್ಕೆ ಒಳಪಟ್ಟ ಸೀಮೆಗಳಲ್ಲಿರುವ ದೇಶೀಯ ಪಾಠಶಾಲೆಗಳ ಲೆಕ್ಕವನ್ನು ತರಿಸಬೇಕೆಂದು ಬರೆದನು. ಜಿಲ್ಲಾ ಕಲೆಕ್ಟರುಗಳಲ್ಲಿ ಬಹುಮಂದಿ ಕೋಷ್ಟಕವನ್ನು ತುಂಬಿ ಕಳುಹಿಸಿ ಸುಮ್ಮನಾದರು. ಬಳ್ಳಾರಿಯ ಕಲೆಕ್ಟರಾದ ಎ. ಡಿ. ಕ್ಯಾಂಬೆಲ್ಲನು ಹಾಗೆ ಮಾಡಲಿಲ್ಲ. ಈತನು 1816ರಲ್ಲಿಯೇ ತೆಲುಗು ಭಾಷೆಗೆ ವ್ಯಾಕರಣವನ್ನು ಬರೆದವನು, ದೇಶಭಾಷೆಗಳಲ್ಲಿ ಆಸ್ಥೆಯುಳ್ಳವನು. 1823ನೆಯ ಆಗಸ್ಟ್ 17ರಂದು ಈತನು ಬರೆದ ದೀರ್ಘವಾದ ಪತ್ರದಲ್ಲಿ ಮಠದ ಒಳಗಣ ದಿನಚರಿಯೇ ಚಿತ್ರಿತವಾಗಿದೆ. ಧರ್ಮಪಾಲರು ಈ ಕಾಗದಪತ್ರಗಳನ್ನು 1983ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಮೇಲೆ ಇವು ಎಲ್ಲರಿಗೂ ಸುಲಭವಾದುವು.

ಅಂದಿನ ಬಳ್ಳಾರಿ ಜಿಲ್ಲೆಯು ಈಗಿನದಕ್ಕಿಂತ ಬಹಳ ವಿಸ್ತಾರವಾದುದು. ಅನಂತಪುರದ ಸೀಮೆಯು 1882ರವರೆಗೆ ಅದರಲ್ಲಿಯೇ ಸೇರಿದ್ದಿತು. ಜನಸಂಖ್ಯೆ 9,27,857, ವಿದ್ಯಾಸ್ಥಾನಗಳು 533, ಓದುವವರು 6,641. ಕನ್ನಡದ ಮಠಗಳು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು ಒಂದು. ಉಳಿದ 23 ಬ್ರಾಹ್ಮಣರು ಮಾತ್ರ ಸಂಸ್ಕೃತ ಶಾಸ್ತ್ರಗಳನ್ನು ಓದುತ್ತಿದ್ದ ಸ್ಥಾನಗಳು.

ಬೆಳಗ್ಗೆ ಮೊದಲು ಮಠಕ್ಕೆ ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಎಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಬೆತ್ತದ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ಏರುತ್ತ ಹೋಗುವುದು. ಕಡೆಯಲ್ಲಿ ಬಂದವನ ಅವಸ್ಥೆಯನ್ನು ವಾಚಕರೇ ಊಹಿಸಿಕೊಳ್ಳಬಹುದು. ಅಕ್ಷರವನ್ನು ಬಾಯಲ್ಲಿ ಹೇಳಿ ಕಲಿಯದೆ ಮರಳಿನ ಮೇಲೆ ಬೆರಳಿನಿಂದ ತಿದ್ದಿ ಕಲಿಯುತ್ತಿದ್ದರು. ಆಮೇಲೆ ಓಲೆಗೆ ಕಂಟ, ಕಾಗದಕ್ಕೆ ಲೇಖಣಿ, ಹಲಗೆಗೂ ಕಡತಕ್ಕೂ ಬಳಪ. ಕಡತವೆಂಬುದು ಬಟ್ಟೆಗೆ ಗಂಜಿಯನ್ನು ಹಾಕಿ ಗಟ್ಟಿಮಾಡಿ, ಪುಸ್ತಕದಂತೆ ಮಡಿಸಿ, ಇದ್ದಲಿನ ಪುಡಿಯನ್ನೂ ಅಂಟನ್ನೂ ಬಳಿದು ಸಿದ್ಧಪಡಿಸಿದುದು. ಒದ್ದೆಯ ಬಟ್ಟೆಯಿಂದ ಒರಸಿದರೆ ಬರೆಹವು ಅಳಿದು ಹೋಗುವುದು. ಕೆಳಗಿನ ತರಗತಿಗಳವರಿಗೆ ಹಿರಿಯ ಶಿಷ್ಯರೇ ಪಾಠ ಹೇಳುತ್ತಿದ್ದರು. ಮದರಾಸಿನಲ್ಲಿ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ಲನು ಈ ದೇಶದ ಮಕ್ಕಳ ಮರಳಿನ ಬರೆಹವನ್ನು ಕಂಡು ತನ್ನ ಶಾಲೆಗೆ ತಂದುಕೊಂಡು, ಶಿಷ್ಯರಿಂದ ಶಿಷ್ಯರಿಗೆ ಕಲಿಸುವ ಕ್ರಮವನ್ನು 1797ರಲ್ಲಿ ಇಂಗ್ಲೆಂಡಿನಲ್ಲಿ ಪ್ರಚುರಪಡಿಸಿದನು. ಕ್ಯಾಂಬೆಲ್ಲನೂ ಮಠಗಳ ಈ ಕ್ರಮವನ್ನು ಮನಸಾರೆ ಮೆಚ್ಚಿದ್ದಾನೆ.

ಇಷ್ಟು ಪೀಠಿಕೆ. ಪ್ರಕೃತ ವಿಷಯಕ್ಕೆ ಮುಖ್ಯವಾದುದು ಅಕ್ಷರವನ್ನು ಕಲಿತ ಮೇಲಣ ಪಾಠ. ಹುಡುಗನು ಒತ್ತಕ್ಷರಗಳನ್ನು ಕಲಿತೊಡನೆಯೇ ಮನುಷ್ಯರ ಹೆಸರು, ಗ್ರಾಮಗಳ ಹೆಸರು, ಪ್ರಾಣಿಗಳ ಹೆಸರು, ಇವುಗಳನ್ನು ಬರೆಯತೊಡಗುತ್ತಿದ್ದನು. ಬಳ್ಳಾರಿ, ಕೊಟ್ಟೂರು, ರಾಯದುರ್ಗ ಎಂಬೀ ಹೆಸರುಗಳಲ್ಲಿಯೇ ದ್ವಿತ್ವವೂ ರೇಫವೂ ಇರುವಾಗ ಒತ್ತನ್ನು ಕಲಿಸುವುದಕ್ಕೆ ಅರ್ಥವಿಲ್ಲದ ಪದಗಳನ್ನು ಹುಡುಕಬೇಕಾದ ಪ್ರಮೇಯವೇನಿದೆ? ಲಿಪಿಯೊಡನೆ ದೇಶಪರಿಚಯವೂ ಆಗುತ್ತಿದ್ದಿತು. ಅನಂತರ ಹಣ, ಅಳತೆ, ತೂಕ, ಇವುಗಳ ಲೆಕ್ಕ. ಭಿನ್ನರಾಶಿಯು ಹತ್ತರಿಂದ ಇಳಿಯದೆ ನಾಲ್ಕರಿಂದ ಇಳಿಯುತ್ತಿದ್ದುದರಿಂದ ಕಾಲಿನ ಕಾಲು ವೀಸವೆಂದೂ, ವೀಸದ ಕಾಲು ಕಾಣಿಯೆಂದೂ ಮಕ್ಕಳು ದಿನಕ್ಕೆ ಎರಡು ಸಲ ಸಾಲಾಗಿ ನಿಂತು ಹಿರಿಯ ಶಿಷ್ಯನ ಹಿಂದೆ ಒಪ್ಪಿಸುತ್ತಿದ್ದರು. ಇದು ಬಾಯಿಪಾಠವೇ ಸರಿ. ಆದರೆ ಸಂತೆಯಲ್ಲಿಯೂ ಕಣದಲ್ಲಿಯೂ ಬೇಕಾಗುವ ಬಾಯಿಪಾಠ.

ಇದಕ್ಕಿಂತಲೂ ವಿಶೇಷವಾದುದು ಕಾಗದಪತ್ರಗಳ ಪಾಠ. ಉಪಾಧ್ಯಾಯನು ನಾನಾ ಕಡೆಗಳಿಂದ ಸರಕಾರದ ಪತ್ರಗಳನ್ನೂ ಇತರ ಪತ್ರಗಳನ್ನೂ ಕೂಡಿಸಿಟ್ಟುಕೊಂಡಿದ್ದು, ಅವುಗಳ ಬಗೆಬಗೆಯ ಕೈಬರೆಹಗಳನ್ನು ಶಿಷ್ಯರಿಂದ ಓದಿಸುತ್ತಿದ್ದನು. ತರುವಾಯ ಅವರು ಸಾಮಾನ್ಯವಾದ ಓಲೆಗಳನ್ನು ಬರೆಯುವುದನ್ನೂ ಕರಾರುಪತ್ರಗಳ ಒಕ್ಕಣೆಯನ್ನೂ ಅಭ್ಯಾಸಮಾಡುತ್ತಿದ್ದರು. ಕರಾರನ್ನು ಬರೆಯುವ ಹುಡುಗನು ಕೊಡುವವನಾರು, ಕೊಳ್ಳುವವನಾರು, ಅವಧಿ ಎಷ್ಟು, ತಪ್ಪಿದರೆ ಗತಿಯೇನು ಎಂಬುದನ್ನು ವಿಚಾರಿಸದೆ ಒಂದು ಪಂಕ್ತಿಯನ್ನೂ ಬರೆಯಲಾರನು. ಈ ಪಾಠಕ್ಕೆ ಕನ್ನಡ ನಾಡಿನಲ್ಲಿ ಹಳೆಯ ಹಿನ್ನೆಲೆಯುಂಟು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076–1126) ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯ ವ್ಯವಹಾರಾಧ್ಯಾಯದಲ್ಲಿ ಲೇಖ್ಯಪ್ರಕರಣವೆಂಬುದೊಂದಿದೆ. ಸಾಲದ ಪತ್ರದಲ್ಲಿ ಸಂವತ್ಸರ, ಮಾಸ, ಪಕ್ಷ, ದಿನ, ಹೆಸರು, ಗೋತ್ರಾದಿಗಳು ಇರತಕ್ಕದ್ದು. ಸಾಲಗಾರನೂ ಸಾಕ್ಷಿಗಳೂ ತಂದೆಯ ಹೆಸರಿನೊಡನೆ ಸ್ವಹಸ್ತದಿಂದ ಒಪ್ಪ ಹಾಕತಕ್ಕದ್ದು. ಬರೆದವನು ಕಡೆಯಲ್ಲಿ ತನ್ನ ಹೆಸರನ್ನು ಹೇಳತಕ್ಕದ್ದು. ಲಿಪಿಯನ್ನರಿಯದ ಸಾಲಗಾರನು ತನ್ನ ಸಮ್ಮತಿಯನ್ನು ಇನ್ನೊಬ್ಬನಿಂದ ಬರೆಯಿಸಬೇಕೆಂದೂ ಧರ್ಮಶಾಸ್ತ್ರಕಾರರು ವಿಧಿಸಿದ್ದಾರೆ. ಆ ಇನ್ನೊಬ್ಬನ ಪ್ರಾಮಾಣಿಕತೆಯ ಮೇಲೆ ಒಕ್ಕಲಿಗನ ಹೊಲವೇ ನಿಂತಿರುವಾಗ, ಮಗನಿಗೆ ಪತ್ರವನ್ನು ಓದಲು ಬರುವುದೆಂದರೆ ಮನೆಗೆ ಒಂದು ರಕ್ಷೆಯೇ ಆಗಿದ್ದಿತು.

ಹೀಗಿದ್ದರೂ ಕ್ಯಾಂಬೆಲ್ಲನು ಕಲಿಸುವ ಗ್ರಂಥಗಳ ಮತ್ತು ವಿದ್ಯೆಯ ಸ್ವರೂಪವೇ ಮಠಗಳ ದೊಡ್ಡ ದೋಷವೆಂದನು. ಹುಡುಗರು ಒಪ್ಪಿಸುವ ಪದ್ಯಗಳ ಅರ್ಥವು ಗಿಳಿಗೆ ತಿಳಿದಷ್ಟೂ ಅವರಿಗೆ ತಿಳಿಯದೆಂದನು. ಈ ಗಿಳಿಯ ಮಾತೇ ಪ್ರಸಿದ್ಧವಾಯಿತು. ಕಾವ್ಯಪಾಠದ ಮಟ್ಟಿಗೆ ಅದು ಅನ್ಯಾಯವಾದ ಮಾತಲ್ಲ. ಹಳೆಯ ಕಾವ್ಯಭಾಷೆಯನ್ನು ವಿವರಿಸಿ ಹೇಳಬಲ್ಲ ಉಪಾಧ್ಯಾಯರು ಆಗ ವಿರಳರೆಂಬುದನ್ನು ಸಂಸ್ಕೃತ ಪಾಠಶಾಲೆಗಳಲ್ಲಿ ಕೋಶವನ್ನು ಉರುಹಚ್ಚಿದವರು ಬೇಗನೆ ನಂಬುವರು. ಆದರೆ ಕರಾರುಪತ್ರದ ಪಾಠಕ್ಕೂ ಅದೇ ಮಾತನ್ನು ಅನ್ವಯಿಸುವುದು ಯುಕ್ತವಲ್ಲ. ಅಂತೆಯೇ ಆ ಪತ್ರದಲ್ಲಿರುವ ಮೆಚ್ಚಿಕೆಯ ಮಾತುಗಳನ್ನು ಮಾತ್ರ ಆಯ್ದು, ಅಂದು ಸರ್ವರಿಗೂ ವಿದ್ಯೆಯಿದ್ದಿತೆಂದು ಹೇಳುವುದೂ ಯುಕ್ತವಲ್ಲ. ಬಾಲಕರಲ್ಲಿ ಬ್ರಾಹ್ಮಣರು 1,185, ವೈಶ್ಯರು 981, ಶೂದ್ರರು 2,998, ಇತರ ಜಾತಿಗಳವರು 1,174, ಮುಸಲ್ಮಾನರು 243. ಲೋಕವ್ಯವಹಾರದ ಪಾಠವು ಮೇಲಿನ ವರ್ಣಗಳ ಸ್ವತ್ತಾಗಿರಲಿಲ್ಲವೆಂಬುದು ಈ ಅಂಕೆಗಳಿಂದ ಸ್ಪಷ್ಟ. ಹೆಣ್ಣುಮಕ್ಕಳಾದರೋ ಇಡೀ ಜಿಲ್ಲೆಗೆ ಅರುವತ್ತು ಮಂದಿ. ಒಟ್ಟು ಜನರಲ್ಲಿ ಓದುತ್ತಿದ್ದವರು ಸಾವಿರಕ್ಕೆ ಸುಮಾರು ಏಳು.

ಈ ಅಲ್ಪಸಂಖ್ಯೆಗೆ ಕಾರಣವನ್ನು ಕ್ಯಾಂಬೆಲ್ಲನು ಮುಚ್ಚಿಡಲಿಲ್ಲ. ಯೂರೋಪಿನ ಬಟ್ಟೆಯು ಬಂದು ದೇಶೀಯ ಹತ್ತಿಯ ನೆಯ್ಗೆಯನ್ನು ತಳ್ಳಿದುದರಿಂದ ನೆಯ್ಯುವವರ ಕೈ ಬರಿದಾಯಿತೆಂದು ಆತನೇ ಬರೆದಿದ್ದಾನೆ. ಹಿಂದಿನ ಅರಸರ ಕಾಲದಲ್ಲಿ ವಿದ್ಯೆಗೆ ದೊರೆಯುತ್ತಿದ್ದ ಆಶ್ರಯವು ನಿಂತು, 533 ವಿದ್ಯಾಸ್ಥಾನಗಳಲ್ಲಿ ಒಂದಕ್ಕಾದರೂ ಸರಕಾರದ ನೆರವಿಲ್ಲವೆಂದು ಹೇಳಲು ತನಗೆ ನಾಚಿಕೆಯಾಗುತ್ತದೆಂದೂ ಬರೆದಿದ್ದಾನೆ. ಮಠದ ಖರ್ಚನ್ನು ತಂದೆತಾಯಿಗಳೇ ಹೊರಬೇಕಾಗಿದ್ದಿತು. ಅದನ್ನು ಹೊರಲಾರದ ಮನೆಗಳ ಮಕ್ಕಳನ್ನು, ಅವರ ಎಳೆಯ ಕೈಕಾಲುಗಳು ಅತ್ಯಲ್ಪವಾದ ದುಡಿಮೆಗೆ ಒದಗುವಂತಾದೊಡನೆಯೇ, ಕೆಲಸಕ್ಕೆ ಹಚ್ಚುತ್ತಿದ್ದರು.